ಎಂಟುನೂರರ ಹೊಟ್ಟೆಯಲ್ಲಿ ಸಾವಿರದ ಮುನ್ನೂರು

ಉಡುಪಿಯಲ್ಲಿ ಹಳೆಯ ಮಾರುತಿ 800 ಬೇಕಾದವರು ಬ್ರೋಕರ್ ಹತ್ತಿರ ಹೋಗುವ ಮೊದಲು ನಿವೃತ್ತ ಬ್ಯಾಂಕ್ ಮ್ಯಾನೇಜರುಗಳ ಮನೆಯಲ್ಲಿ ವಿಚಾರಿಸುತ್ತಿದ್ದರು. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ ಊರಿದು. ದೇಶವಿಡೀ ವರ್ಗವಾಗಿ ಸುತ್ತಿ, ಕೊನೆಗೆ ಕುಂಜಿಬೆಟ್ಟಿನಲ್ಲೋ ಅಂಬಲಪಾಡಿಯಲ್ಲೋ ಮನೆ ಕಟ್ಟಿ ಕೂತ ಮ್ಯಾನೇಜರುಗಳು ಓಣಿಗೊಬ್ಬರಂತೆ ಸಿಗುತ್ತಿದ್ದರು. ಅವರ ಪೋರ್ಟಿಕೋದಲ್ಲಿ ನಿಂತ ಬಿಳಿ ಮಾರುತಿಯ ಸೀಟಿಗೆ ಕಂಪೆನಿಯ ಪ್ಲಾಸ್ಟಿಕ್ ಹಾಗೇ ಇರುತ್ತಿತ್ತು. ಪೆಟ್ರೋಲು ಹಾಕಿಸಿದ ದಿನ, ಲೀಟರು, ಓಡಿದ ಕಿಲೋಮೀಟರು ಎಲ್ಲವೂ ಬ್ಯಾಂಕಿನವರೇ ಕೊಟ್ಟ ಡೈರಿಯಲ್ಲಿ ಪೈಸೆ ತಪ್ಪದೆ ದಾಖಲಾಗಿರುತ್ತಿತ್ತು. ಕೃಷ್ಣಮಠಕ್ಕೆ, ಮಣಿಪಾಲದ ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಬಿಟ್ಟರೆ ಆ ಕಾರಿಗೆ ಬೇರೆ ಲೋಕವೇ ಗೊತ್ತಿರಲಿಲ್ಲ.

ಅಂಥದೊಂದು ಸಭ್ಯ ಕಾರು ನನ್ನ ಗೆಳೆಯನ ಕೈಗೆ ಬಂದು, ಆದಿ ಉಡುಪಿಯ ಗ್ಯಾರೇಜೊಂದರಲ್ಲಿ ಬಾನೆಟ್ ಬಿಚ್ಚಿಸಿಕೊಂಡು ಕೂತದ್ದು 2000ದ ದಶಕದ ಆರಂಭದಲ್ಲಿ. ಮುಂದೆ ಆದದ್ದನ್ನೆಲ್ಲ ನಾನು ಹತ್ತಿರದಿಂದ ನೋಡಿದೆ. ನನಗೆ ಕಾರಿನ ಹುಚ್ಚು ಹಿಡಿದದ್ದೂ ಅಲ್ಲೇ. ಹುಚ್ಚು ಎಂದರೆ ಓಡಿಸುವುದರದ್ದಲ್ಲ. ಬಿಚ್ಚಿಟ್ಟ ಕಾರಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವುದರದ್ದು.

ಆದಿ ಉಡುಪಿಯನ್ನು ಹೊರಗಿನವರು ಗುರುತಿಸುವುದು ಎಪಿಎಂಸಿ ಪ್ರಾಂಗಣದ ಬುಧವಾರದ ಸಂತೆಯಿಂದ. ಉಡುಪಿಯಿಂದ ಮಲ್ಪೆಗೆ ಇಳಿಯುವ ರಸ್ತೆ ಹೆದ್ದಾರಿಯನ್ನು ದಾಟಿದ ಕೂಡಲೇ ಸಿಗುವ ಜಾಗ. ಒಂದು ಕಡೆ ಘಟ್ಟದ ತರಕಾರಿ ಲಾರಿ, ಇನ್ನೊಂದು ಕಡೆ ಬಂದರಿನಿಂದ ಬರುವ ಮೀನಿನ ಲಾರಿ. ಎರಡಕ್ಕೂ ರಿಪೇರಿ ಬೇಕು. ಹಾಗಾಗಿ ಆ ಸುತ್ತಮುತ್ತ ಟಿಂಕರಿಂಗ್, ವೆಲ್ಡಿಂಗ್, ಪಟ್ಟಿ ಕಟ್ಟುವವರು, ಬ್ಯಾಟರಿ ಅಂಗಡಿ, ಗುಜರಿ ಎಲ್ಲ ಕೂಗಳತೆಯಲ್ಲೇ ಸಿಗುತ್ತಿದ್ದವು. ನಮ್ಮ ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ಶೀಟು, ಹಿಂದೆ ಒಂದು ಹಲಸಿನ ಮರ. ಅದರ ಯಜಮಾನರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ನಮ್ಮನ್ನು, ನಾವು ಎಷ್ಟೇ ಚಿಕ್ಕವರಾದರೂ, ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಇಂಥ ಊರಿನಲ್ಲಿ ಒಂದು ಗಾಡಿಯ ಇಂಜಿನ್ ಇನ್ನೊಂದಕ್ಕೆ ಹೋಗುವುದು ಯಾರಿಗೂ ಹೊಸತಲ್ಲ. ಮಲ್ಪೆಯ ಎಷ್ಟೋ ಬೋಟುಗಳ ಹೊಟ್ಟೆಯಲ್ಲಿರುವುದು ಅಶೋಕ್ ಲೇಲ್ಯಾಂಡಿನ ಇಂಜಿನ್. ಅದರ ಅಣ್ಣತಮ್ಮಂದಿರು ಹೆದ್ದಾರಿಯಲ್ಲಿ ಲಾರಿ ಎಳೆಯುತ್ತವೆ. ಸಮುದ್ರದಲ್ಲಿ ರೇಡಿಯೇಟರಿಗೆ ಗಾಳಿ ಬೀಸುವವರಿಲ್ಲ. ಉಪ್ಪು ನೀರನ್ನು ಇಂಜಿನ್ನಿನ ಒಳಗೆ ಬಿಟ್ಟರೆ ತುಕ್ಕು ತಿನ್ನುತ್ತದೆ. ಅದಕ್ಕೆ ಒಳಗಿನ ಸಿಹಿ ನೀರು ಒಳಗೇ ಸುತ್ತುವಂತೆ, ಉಪ್ಪು ನೀರು ಹೊರಗಿನಿಂದ ಅದರ ಬಿಸಿಯನ್ನಷ್ಟೇ ಹೊತ್ತೊಯ್ಯುವಂತೆ ವ್ಯವಸ್ಥೆ ಬೇಕು. ಫ್ಯಾನು, ಕಾರ್ಡನ್ ಶಾಫ್ಟು ಹೋಗಿ ಫ್ಯಾನಿನಂಥ ಪ್ರೊಪೆಲ್ಲರಿಗೆ ಬೇರೆ ಗೇರು, ಬೇರೆ ಶಾಫ್ಟು ಬರಬೇಕು. ಈ ಕೆಲಸಕ್ಕೆಂದೇ ಬೆಳೆದ ಲೇತುಗಳು ಮಲ್ಪೆಯ ದಾರಿಯಲ್ಲಿದ್ದವು. ಅಲ್ಲಿನ ಆಚಾರ್ರಿಗೆ ಕಾರಿನ ಶಾಫ್ಟು ಎಂದರೆ ಊಟ ಆದ ಮೇಲಿನ ಎಲೆ ಅಡಿಕೆ.

ಅದಕ್ಕಿಂತ ಹಿಂದಿನದ್ದೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಶನ್ ಬಂದಾಗ ನಮ್ಮ ಜಿಲ್ಲೆಯ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ದನ್ನು ನನ್ನ ಅಜ್ಜ ಹೇಳುತ್ತಿದ್ದರು. ಬಸ್ಸಿನ ಹಿಂದೆ ನಿಲ್ಲಿಸಿದ ಉರುಟು ಡ್ರಮ್ಮು, ಅದರಲ್ಲಿ ಕೆಂಡ, ಬೆಳಿಗ್ಗೆ ಹೊರಡುವ ಮೊದಲು ಕ್ಲೀನರ್ ಕೈ ತಿರುಗಿಸಿ ಗಾಳಿ ಊದುವುದು. ಏರಿನಲ್ಲಿ ಬಸ್ಸು ಸೋತರೆ ಪ್ರಯಾಣಿಕರು ಇಳಿದು ನಡೆಯುವುದು. ನಾನು ಕಣ್ಣಾರೆ ಕಂಡದ್ದು ಅದರ ಮರಿಮಕ್ಕಳನ್ನು: ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ ಅಂಬಾಸಿಡರ್ ಸರ್ವಿಸ್ ಕಾರುಗಳು. ಕಾರ್ಕಳದ ಕಡೆಯ ಒಳರಸ್ತೆಗಳಲ್ಲಿ ಬಸ್ಸು ತಪ್ಪಿದವರಿಗೆ ಅವೇ ಗತಿ. ಡ್ರೈವರನ ಬಲಕ್ಕೂ ಒಬ್ಬ, ಎಡಕ್ಕೆ ಮೂವರು, ಹಿಂದೆ ಎಷ್ಟು ಜನ ಎಂದು ಲೆಕ್ಕ ಹಾಕಿದವರಿಲ್ಲ. ಇಂಜಿನ್ ಬದಲಿಸಿದ್ದು ಶೋಕಿಗಲ್ಲ. ಪೆಟ್ರೋಲಿನ ಅಂಬಾಸಿಡರ್ ಕುಡಿಯುವಷ್ಟನ್ನು ದುಡಿಯುತ್ತಿರಲಿಲ್ಲ, ಅಷ್ಟೇ.

ಅಂದರೆ ನಮ್ಮಲ್ಲಿ ಗಾಡಿಗೆ ಕೈ ಹಾಕುವುದು ಮೊದಲು ಅನಿವಾರ್ಯವಾಗಿತ್ತು. ಹೊಸ ಗಾಡಿ, ಬಿಡಿಭಾಗ ಎರಡೂ ಸುಲಭವಾಗಿ ಸಿಗತೊಡಗಿದ ಮೇಲೆ ಅದೇ ಅನಿವಾರ್ಯ ಹವ್ಯಾಸವಾಯಿತು. ಕೈಗೆ ಅಭ್ಯಾಸವಾದದ್ದನ್ನು ಬಿಡುವುದು ಕಷ್ಟ.

ಗೆಳೆಯನ ಕಾರಿಗೆ ಬರುತ್ತೇನೆ. ಮಾರುತಿ 800ರ ಚರಿತ್ರೆ ಎಲ್ಲರಿಗೂ ಬಾಯಿಪಾಠ: 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು, 1986ರಲ್ಲಿ ಮೈ ಬದಲಾಯಿತು, 2014ರ ಜನವರಿಯಲ್ಲಿ ತಯಾರಿ ನಿಂತಿತು. ಮೂರು ಸಿಲಿಂಡರು, 796 ಸಿಸಿ, ನಾಲ್ಕು ಗೇರು, 12 ಇಂಚಿನ ಚಕ್ರ. ಹಳೆಯ ಕಾರ್ಬುರೇಟರ್ ಮಾದರಿಯಲ್ಲಿ ಸುಮಾರು 37 ಅಶ್ವಶಕ್ತಿ, ತೂಕ ಹೆಚ್ಚುಕಡಿಮೆ 650 ಕಿಲೋ. ಇದೇ ಕಂಪೆನಿಯ ಎಸ್ಟೀಮ್ ಕಾರು 1994ರಲ್ಲಿ ಬಂದಿತ್ತು. ಅದರದ್ದು ನಾಲ್ಕು ಸಿಲಿಂಡರು, 1298 ಸಿಸಿ, ಐದು ಗೇರು, 65 ಅಶ್ವಶಕ್ತಿ. ಕಾರ್ಕಳದ ಹತ್ತಿರ ಹಿಂದಿನಿಂದ ಲಾರಿ ಗುದ್ದಿ ನಜ್ಜುಗುಜ್ಜಾದ ಎಸ್ಟೀಮ್ ಒಂದು ಗುಜರಿಗೆ ಬಂದಿದೆ, ಮುಂಭಾಗಕ್ಕೆ ಏನೂ ಆಗಿಲ್ಲ ಎಂಬ ಸುದ್ದಿ ಗೆಳೆಯನ ಕಿವಿಗೆ ಬಿತ್ತು. ಅವನು ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ.

"ಅಣ್ಣ, ಇದು ಕೂರ್ತದಾ?" ಎಂದು ಕೇಳಿದ.

ಅಣ್ಣ ಬಾನೆಟಿನೊಳಗೆ ಕೈಯಗಲ ಹಿಡಿದು ಅಳೆದರು. ಆ ಕಡೆ, ಈ ಕಡೆ ನೋಡಿದರು. "ಕೂರ್ಸುದು ದೊಡ್ಡ ಸಂಗತಿ ಅಲ್ಲ ಮಾರಾಯ್ರೆ. ಕೂತ ಮೇಲೆ ಅದು ಒಂದೊಂದೇ ಕೇಳ್ಲಿಕ್ಕೆ ಶುರು ಮಾಡ್ತದೆ. ಕೊಡ್ಲಿಕ್ಕೆ ನಿಮ್ಮತ್ರ ಉಂಟಾ?" ಎಂದರು.

ಗೆಳೆಯನಿಗೆ ಅದು ದುಡ್ಡಿನ ಮಾತು ಎಂದು ಅರ್ಥವಾಯಿತು. ಅವನ ತಂದೆ ಮುಂಬಯಿಯ ಹೋಟೆಲು ಬಿಟ್ಟು ಊರಿಗೆ ಬಂದವರು. ಮಗನ ಖರ್ಚಿಗೆ ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ಕೆಲಸ ಶುರುವಾಯಿತು.

ಇಂಜಿನ್ ಕೂರಿಸಲು ಹೊಸ ಮೌಂಟಿಂಗ್ ಬೆಸೆದರು. ಮೂರು ಸಿಲಿಂಡರಿನ ಜಾಗದಲ್ಲಿ ನಾಲ್ಕು ಬಂದದ್ದರಿಂದ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿ ಉಳಿಯಿತು. ರೇಡಿಯೇಟರ್ ಮುಂದೆ ಸರಿಯಿತು. ಎಸ್ಟೀಮಿನ ಗೇರ್‌ಬಾಕ್ಸೇ ಬಂದದ್ದರಿಂದ ಡ್ರೈವ್ ಶಾಫ್ಟುಗಳ ಲೆಕ್ಕ ತಪ್ಪಿತು: ಒಳತುದಿ ಎಸ್ಟೀಮಿನ ಹಲ್ಲಿಗೆ ಹೊಂದಬೇಕು, ಹೊರತುದಿ 800ರ ಚಕ್ರಕ್ಕೆ, ಉದ್ದ ಎರಡೂ ಅಲ್ಲ. ಶಾಫ್ಟುಗಳನ್ನು ಹೆಗಲಿಗೆ ಹಾಕಿಕೊಂಡು ನಾವು ಮಲ್ಪೆಯ ಲೇತಿಗೆ ಹೋದೆವು. ಆಚಾರ್ರು ಕನ್ನಡಕ ಏರಿಸಿ ನೋಡಿ, ಕಬ್ಬಿಣಕ್ಕೆ ಉಗುರಿನಿಂದ ಕುಟ್ಟಿ, "ಬೆಸುಗೆ ಹಾಕಿ ಉದ್ದ ಮಾಡುದು ಬೇಡ. ತಿರುಚುವ ಜಾಗ ಇದು. ಬೋಟಿನಲ್ಲಿ ಮುರಿದ್ರೆ ಈಜಬಹುದು, ರೋಡಿನಲ್ಲಿ ಆಗುದಿಲ್ಲ" ಎಂದರು. ಇಡೀ ಕಬ್ಬಿಣದಿಂದಲೇ ಹೊಸದಾಗಿ ಕಡೆದು, ಹಲ್ಲು ಕೊರೆದು, ಹದ ಹಾಕಿಸಿ ಕೊಟ್ಟರು. ಮೇಲ್ಮೈ ಎಷ್ಟು ನಯವಾಗಿತ್ತೆಂದರೆ ಗೆಳೆಯ ಅದನ್ನು ಒಂದು ವಾರ ಮನೆಯಲ್ಲಿ ಶೋಕೇಸಿನ ಪಕ್ಕ ಇಟ್ಟುಕೊಂಡಿದ್ದ.

ಇಂಜಿನ್ ಕೂತಿತು. ಇನ್ನು ಕೀಲಿ ತಿರುಗಿಸಬೇಕು ಎನ್ನುವಾಗ ಅಣ್ಣ ಬ್ಯಾಟರಿಯ ವಯರು ಬಿಚ್ಚಿ ಜೇಬಿಗೆ ಹಾಕಿಕೊಂಡು ಚಾ ಕುಡಿಯಲು ಹೋದರು. ವಾಪಸ್ ಬಂದು ಹೇಳಿದ್ದು ಒಂದೇ ಮಾತು: "ಓಡುದು ಆಮೇಲೆ. ಮೊದಲು ನಿಲ್ಲುದು ಕಲೀಲಿ."

37ರ ಇಂಜಿನ್ನಿಗೆ ಅಳೆದು ಕೊಟ್ಟ ಬ್ರೇಕು 65ಕ್ಕೆ ಸಾಲದು. ದೊಡ್ಡ ಡಿಸ್ಕ್ ಹಾಕೋಣವೆಂದರೆ 12 ಇಂಚಿನ ರಿಮ್ಮಿನ ಒಳಗೆ ಅದು ಹಿಡಿಯದು. ಹಾಗಾಗಿ ಮಾರುತಿ ಝೆನ್ನಿನ 13 ಇಂಚಿನ ಚಕ್ರ ಬಂತು. ಚಕ್ರ ದೊಡ್ಡದಾದ ಮೇಲೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗಿತು. ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಮುಳ್ಳಿಗೆ ಅದು ಗೊತ್ತಾಗುವುದಿಲ್ಲ, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮುಂಭಾಗದ ತೂಕ ಹೆಚ್ಚಿ ಮೂಗು ತಗ್ಗಿತು. ಮೂಗು ತಗ್ಗಿದ್ದರಿಂದ ರಾತ್ರಿ ಹೆಡ್‌ಲೈಟಿನ ಬೆಳಕು ಎದುರಿನ ನಾಲ್ಕು ಮಾರಿಗೇ ಬಿದ್ದು ಸಾಯುತ್ತಿತ್ತು. ಸ್ಪ್ರಿಂಗ್ ಬದಲಿಸಿದರು. ಸ್ಪ್ರಿಂಗ್ ಗಟ್ಟಿಯಾದ ಮೇಲೆ ಶಾಕ್ ಅಬ್ಸಾರ್ಬರ್ ಅದಕ್ಕೆ ಸರಿಹೋಗಲಿಲ್ಲ. ಹೊಂಡಕ್ಕೆ ಬಿದ್ದ ಕಾರು ಎದ್ದು ಕುಣಿಯುತ್ತಿತ್ತು. ಅದನ್ನೂ ಬದಲಿಸಿದರು. ಅಣ್ಣ ಹೇಳಿದ್ದು ನಿಜವಾಗಿತ್ತು. ಅದು ಒಂದೊಂದೇ ಕೇಳುತ್ತಿತ್ತು.

ನನಗೆ ಅಂದಿನವರೆಗೆ ಕಾರು ಎಂದರೆ ಭಾಗಗಳ ಮೊತ್ತ. ಈ ಕೆಲಸ ನಡೆದ ಮಳೆಗಾಲದ ನಂತರ ಅದು ಒಪ್ಪಂದಗಳ ಕಟ್ಟು ಎಂದು ಕಾಣತೊಡಗಿತು. ಜಪಾನಿನಲ್ಲಿ ಯಾರೋ ಎಂಜಿನಿಯರುಗಳು ಮೇಜಿನ ಸುತ್ತ ಕೂತು ವಾದ ಮಾಡಿದ್ದಾರೆ: ಇಷ್ಟು ತೂಕ, ಹಾಗಾದರೆ ಇಷ್ಟು ಬ್ರೇಕು, ಇಷ್ಟು ಬ್ರೇಕು, ಹಾಗಾದರೆ ಇಷ್ಟು ಚಕ್ರ, ಇಷ್ಟು ಚಕ್ರ, ಹಾಗಾದರೆ ಇಷ್ಟು ಬೆಲೆ. ಒಬ್ಬರು ಒಂದಿಷ್ಟು ಬಿಟ್ಟುಕೊಟ್ಟು, ಇನ್ನೊಬ್ಬರು ಒಂದಿಷ್ಟು ಪಡೆದು, ಕೊನೆಗೆ ಎಲ್ಲರೂ ಒಪ್ಪಿದ ಅಂಕೆ 796. ಅದರಲ್ಲಿ ಒಂದನ್ನು ಕಿತ್ತರೆ ಉಳಿದವೆಲ್ಲ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಕಾರು ಬದಲಿಸುವ ಹುಚ್ಚಿನವರನ್ನು ಮೂಲ ಕಾರಿನ ಶತ್ರುಗಳು ಎಂದುಕೊಳ್ಳುವವರಿದ್ದಾರೆ. ನಾನು ಕಂಡಂತೆ ಅದನ್ನು ಅವರಷ್ಟು ಚೆನ್ನಾಗಿ ಓದಿದವರು ಬೇರೆ ಇಲ್ಲ.

ಕಾರು ಸಿದ್ಧವಾದ ಮೇಲೆ ಹೋದದ್ದು ಆಗುಂಬೆಗೆ. ನಮ್ಮ ಕಡೆಯ ಯಾವುದೇ ಗಾಡಿಗೆ ಪರೀಕ್ಷೆ ಎಂದರೆ ಆ 14 ತಿರುವುಗಳೇ. ಮೊದಲಿನ ಇಂಜಿನ್ನಿನಲ್ಲಿ ನಾಲ್ವರು ಕೂತು ಹತ್ತುವಾಗ ತಿರುವಿಗೆ ಬಂದ ಕೂಡಲೇ ಫಸ್ಟ್ ಗೇರು, ಬಿಸಿ ಮುಳ್ಳಿನ ಮೇಲೊಂದು ಕಣ್ಣು. ಈಗ ಸೆಕೆಂಡಿನಲ್ಲೇ ತಿರುವು ಮುಗಿಸಿ ಥರ್ಡಿಗೆ ಬೀಳಿಸಿದರೆ ಮುಂದಿನ ತಿರುವು ಎದುರಿಗೇ ಇರುತ್ತಿತ್ತು. ಹೆಬ್ರಿಯಿಂದ ನಮ್ಮ ಹಿಂದೆ ಹಾರ್ನ್ ಹಾಕುತ್ತ ಬಂದ ದೊಡ್ಡ ಕಾರೊಂದು ಸೋಮೇಶ್ವರ ದಾಟಿದ ಮೇಲೆ ಕಾಣಲೇ ಇಲ್ಲ. ಆ ದಿನ ಗೆಳೆಯನ ಮುಖ ನೋಡಬೇಕಿತ್ತು. ಆದರೆ ಅಣ್ಣ ಹಿಂದಿನ ಸೀಟಿನಲ್ಲಿ ಕೂತು ಇಳಿಯುವುದಕ್ಕೇ ಕಾಯುತ್ತಿದ್ದರು. ಇಳಿದು ಬಂದು ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಒಂದೊಂದೇ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೂಸಿದರು. ಬ್ರೇಕ್ ಸುಟ್ಟ ವಾಸನೆ ಇರಲಿಲ್ಲ. "ಪಾಸ್" ಎಂದರು. ಹತ್ತಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಗ್ಗದ ಕಾರಿನ ಮೇಲೆಯೇ ಈ ಮೋಹ ಯಾಕೆ ಎಂದು ಆಗಾಗ ಯೋಚಿಸಿದ್ದೇನೆ. ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಬರ ಬಂದ ಮೇಲೆ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಬಡವರ ಕಾರೆಂದು ಮಿನಿಯನ್ನು ರೂಪಿಸಿದರು. ಅದು 1959ರಲ್ಲಿ ರಸ್ತೆಗಿಳಿಯಿತು. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದಕ್ಕೆ ಕೈ ಹಾಕಿದ್ದೇ ಹಾಕಿದ್ದು, 1964ರಲ್ಲಿ ಅದು ಮಾಂಟೆ ಕಾರ್ಲೊ ರ್‍ಯಾಲಿಯನ್ನೇ ಗೆದ್ದಿತು. ನಮ್ಮ ಬೆಂಗಳೂರಿನಲ್ಲೂ ಒಂದು ಸ್ವಾರಸ್ಯವಿದೆ. 70ರ ದಶಕದಲ್ಲಿ ಅಲ್ಲಿ ತಯಾರಾದ ಬಾದಲ್ ಎಂಬ ಕಾರಿಗೆ ಮೂರೇ ಚಕ್ರ, ಫೈಬರ್ ಮೈ, ಹಿಂಭಾಗದಲ್ಲಿ 198 ಸಿಸಿಯ ಟೂ ಸ್ಟ್ರೋಕ್ ಇಂಜಿನ್. ಅದೇ ಬಳಗದ ಸಿಪಾನಿಯವರು ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಡಾಲ್ಫಿನ್ ಎಂಬ ಹೆಸರಿನಲ್ಲಿ ತಂದರು. ಎರಡೇ ಬಾಗಿಲು, 848 ಸಿಸಿ. ಮಾರುತಿ ಬಂದ ಮೇಲೆ ಮನೆಮಂದಿಗೆ ಅದು ಬೇಡವಾಯಿತು. ಆದರೆ ಮೈ ಹಗುರವಾದ್ದರಿಂದ ರೇಸು, ರ್‍ಯಾಲಿಯವರು ಅದನ್ನು ಹುಡುಕಿಕೊಂಡು ಹೋದರು.

ದುಬಾರಿ ಕಾರನ್ನು ಬಿಚ್ಚಲು ಕೈ ನಡುಗುತ್ತದೆ. ಅಗ್ಗದ ಕಾರು ಹಾಳಾದರೂ ಮನೆ ಮುಳುಗುವುದಿಲ್ಲ ಎಂಬ ಧೈರ್ಯ ಕೊಡುತ್ತದೆ. ಆ ಧೈರ್ಯವಿದ್ದಲ್ಲಿ ಮಾತ್ರ ಹುಡುಗರು ಕಲಿಯುತ್ತಾರೆ. ಇನ್ನೊಂದು ಕಾರಣವೂ ಇದೆ. ಅಗ್ಗದ ಕಾರಿನಲ್ಲಿ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಬಾನೆಟ್ ಎತ್ತಿದರೆ ಕಾರ್ಬುರೇಟರ್ ಕಣ್ಣೆದುರು, ಕ್ಲಚ್ಚಿನ ಕೇಬಲ್ ಕೈಗೆ ಸಿಗುವಲ್ಲಿ. ಯಾವುದು ಯಾವುದನ್ನು ಎಳೆಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಆದಿ ಉಡುಪಿಯ ಆ ಗ್ಯಾರೇಜಿಗೆ ಸಂಜೆ ಸುಮ್ಮನೆ ಬಂದು ಕೂರುತ್ತಿದ್ದ ನಿವೃತ್ತ ಮ್ಯಾನೇಜರೊಬ್ಬರು, ತಾವು ಹದಿನೈದು ವರ್ಷ ಓಡಿಸಿದ ಮಾದರಿಯ ಕಾರಿನ ಕ್ರ್ಯಾಂಕ್ ಶಾಫ್ಟನ್ನು ಮೊದಲ ಬಾರಿ ನೋಡಿ, "ಇದು ಇಷ್ಟು ಸಣ್ಣದಾ!" ಎಂದು ಕೈಯಲ್ಲಿ ಎತ್ತಿ ಹಿಡಿದದ್ದು ನೆನಪಿದೆ.

ಇದೇ ಗುಣ ಈ ಕರಾವಳಿಯಲ್ಲಿ ಬೇರೆ ರೂಪಗಳಲ್ಲೂ ಕಾಣುತ್ತದೆ. ಬಂಟ್ವಾಳದ ಸಜಿಪಮೂಡದ ಕೃಷಿಕ ಕೋಮಲೆ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿ 2019ರಲ್ಲಿ ದೇಶಕ್ಕೇ ಸುದ್ದಿಯಾದರು. ಸಣ್ಣ ಇಂಜಿನ್, ಕೂರಲು ಸೀಟು, ಮರವನ್ನು ತಬ್ಬುವ ಪುಟ್ಟ ಚಕ್ರಗಳು. ಮರ ಹತ್ತುವವರು ಸಿಗದ ಕಷ್ಟದಿಂದ ಹುಟ್ಟಿದ್ದು ಅದು. ಮಣಿಪಾಲದ ಎಂಐಟಿಯ ಹುಡುಗರು ಫಾರ್ಮುಲಾ ಮಣಿಪಾಲ್ ಎಂಬ ತಂಡ ಕಟ್ಟಿಕೊಂಡು ವಿದ್ಯಾರ್ಥಿಗಳ ಸ್ಪರ್ಧೆಗಳಿಗಾಗಿ ಬೈಕಿನ ಇಂಜಿನ್ನಿಗೆ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ್ದಾರೆ. ಆ ಸ್ಪರ್ಧೆಗಳ ನಿಯಮ ನನಗೆ ಬಹಳ ಇಷ್ಟ: ಪೆಟ್ರೋಲ್ ಇಂಜಿನ್ ಯಾವುದೇ ಇರಲಿ, ಅದು ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ತೂತಿನಲ್ಲಿ ಹೋಗಬೇಕು. ದುಡ್ಡು ಸುರಿದು ದೊಡ್ಡ ಇಂಜಿನ್ ತಂದರೂ ಪ್ರಯೋಜನವಿಲ್ಲ. ತೂಕ ಇಳಿಸು, ಬ್ರೇಕು ತಿದ್ದು, ತಿರುವಿನಲ್ಲಿ ಸಮಯ ಉಳಿಸು. ಅಣ್ಣ ಬ್ಯಾಟರಿಯ ವಯರು ಬಿಚ್ಚಿ ಜೇಬಿಗೆ ಹಾಕಿಕೊಂಡು ಕಲಿಸಿದ್ದನ್ನು ಅಲ್ಲಿ ಪುಸ್ತಕದಲ್ಲಿ ಬರೆದಿಟ್ಟು ಕಲಿಸುತ್ತಾರೆ.

ಕಾನೂನಿಗೆ ಈ ಹುಚ್ಚು ಹಿಡಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ಮಾರ್ಪಾಟಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲಿನಿಂದಲೂ ಇದ್ದದ್ದೇ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ, ಇಂಥ ಮಾರ್ಪಾಟಿಗೆ ಆರು ತಿಂಗಳವರೆಗಿನ ಜೈಲು ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು. ಸೈಲೆನ್ಸರ್ ಕತ್ತರಿಸಿ ರಾತ್ರಿ ಹೊತ್ತು ಮಣಿಪಾಲದ ರಸ್ತೆಯಲ್ಲಿ ಗುಡುಗುವವರನ್ನು ಕಂಡಾಗ ನಾನು ಕಾನೂನಿನ ಕಡೆಗೇ. ಬ್ರೇಕಿಗೆ ಕೈ ಹಾಕದೆ ಇಂಜಿನ್ ಬದಲಿಸುವವರನ್ನು ತಡೆಯಲು ಬೇರೆ ದಾರಿ ಯಾವುದಿದೆ? ಊರಿಗೊಬ್ಬರು ಅಣ್ಣ ಇರುತ್ತಾರೆಂದು ನಂಬಿ ಕಾಯ್ದೆ ಬರೆಯಲಾಗುವುದಿಲ್ಲ.

ಗೆಳೆಯನ ಕಾರಿಗೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣದ ಹೊತ್ತು ಬಂದಾಗ ಆರ್‌ಟಿಒ ಎದುರು ಇಂಜಿನ್ ನಂಬರು ತೋರಿಸಬೇಕಾಯಿತು. ಹಳೆಯ ಇಂಜಿನ್ ಗ್ಯಾರೇಜಿನ ಮೂಲೆಯಲ್ಲೇ ಇತ್ತು. ಕಳಚಿದ ದಿನವೇ ಅಣ್ಣ ಪ್ಲಗ್ಗಿನ ತೂತುಗಳಲ್ಲಿ ಆಯಿಲ್ ಹೊಯ್ದು, ಟರ್ಪಾಲು ಸುತ್ತಿ, ಹಳೆಯ ಟಯರಿನ ಮೇಲೆ ಇಟ್ಟಿದ್ದರು. ಮಳೆಗಾಲದಲ್ಲಿ ಆಗಾಗ ಟರ್ಪಾಲು ಸರಿಸಿ, ಪಾನ ಹಾಕಿ ಕೈಯಿಂದ ಅರ್ಧ ಸುತ್ತು ತಿರುಗಿಸುವುದನ್ನು ನಾನು ನೋಡಿದ್ದೆ. ಉಪ್ಪು ಗಾಳಿಯ ಊರಿನಲ್ಲಿ ಸುಮ್ಮನೆ ಬಿದ್ದ ಸಿಲಿಂಡರು ಕಚ್ಚಿಕೊಳ್ಳುತ್ತದೆ. ಆಗ ನಾವು ನಕ್ಕಿದ್ದೆವು. ಈಗ ಅದನ್ನು ತೊಳೆದು ಕೂರಿಸಿದರು. ಹಳೆಯ ಗೇರ್‌ಬಾಕ್ಸು, ಹಳೆಯ ಶಾಫ್ಟು, ಹಳೆಯ ಸ್ಪ್ರಿಂಗು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದವು. ಸಂದಿ ಹುಡುಕುವ ಕೆಲಸವೇ ಇರಲಿಲ್ಲ.

ತಪಾಸಣೆ ಮುಗಿದ ಮೇಲೆ ಎಸ್ಟೀಮ್ ಇಂಜಿನ್ನನ್ನು ಮತ್ತೆ ಕೂರಿಸುವುದೆಂದು ಮಾತಾಗಿತ್ತು. ಗೆಳೆಯ ನಾಳೆ, ನಾಡಿದ್ದು ಎಂದು ಮುಂದೂಡಿದ. ಆ ಹೊತ್ತಿಗೆ ಕಾಪುವಿನ ಕಡೆ ಕೆಲಸ ಸಿಕ್ಕಿ ದಿನಾ ಅದರಲ್ಲೇ ಹೋಗಿಬರುತ್ತಿದ್ದ. ಒಮ್ಮೆ ಪಕ್ಕದಲ್ಲಿ ಕೂತಿದ್ದಾಗ ಕೇಳಿದೆ. "ಇದರಲ್ಲಿ ಎಲ್ಲ ಒಂದೇ ಸಲ ಮುಗೀತದೆ ಮಾರಾಯ. ಇಂಜಿನ್ ಸುಸ್ತಾಗುವಾಗ ಟಯರೂ ಸಾಕು ಅಂತದೆ, ಬ್ರೇಕೂ ಸಾಕು ಅಂತದೆ. ಒಂದಕ್ಕೊಂದು ಜಗಳ ಇಲ್ಲ" ಎಂದ. ಇಷ್ಟೆಲ್ಲ ಬಿಚ್ಚಿ, ಸೇರಿಸಿ, ಮತ್ತೆ ಬಿಚ್ಚದಿದ್ದರೆ ಅವನಿಗೆ ಅದು ತಿಳಿಯುತ್ತಿರಲಿಲ್ಲ. ಡೈರಿ ಬರೆದಿಟ್ಟ ಮ್ಯಾನೇಜರಿಗೂ ತಿಳಿದಿರಲಿಕ್ಕಿಲ್ಲ. ಎಸ್ಟೀಮ್ ಇಂಜಿನ್ ಕೊನೆಗೆ ಘಟ್ಟದ ಮೇಲಿನ ತೋಟದವರೊಬ್ಬರ ಮಾರುತಿ ಜಿಪ್ಸಿ ಕಿಂಗ್ ರಿಪೇರಿಗೆ ಬಿಡಿಭಾಗಗಳಾಗಿ ಹೋಯಿತು. ಅದರಲ್ಲಿದ್ದದ್ದೂ ಇದೇ ಕುಟುಂಬದ ಇಂಜಿನ್.

ಮೊನ್ನೆ ಮೊನ್ನೆ ಗ್ಯಾರೇಜಿಗೆ ಹೋಗಿದ್ದೆ. ಅಣ್ಣನಿಗೆ ವಯಸ್ಸಾಗಿದೆ, ಕೆಲಸ ಮಗನದ್ದು. ಅಜ್ಜನ ಮಾರುತಿ 800 ಸಿಕ್ಕಿದ ಕಾಲೇಜು ಹುಡುಗನೊಬ್ಬ ಹಿಂದಿನ ವರ್ಷ ಬಂದು ಇಂಜಿನ್ ಬದಲಿಸುವ ಮಾತಾಡಿದನಂತೆ. ಕುರ್ಚಿಯಲ್ಲಿ ಕೂತಿದ್ದ ಅಣ್ಣ, "ಮೊದಲು ಒಂದು ಮಳೆಗಾಲ ಹಾಗೇ ಓಡ್ಸಿ. ಎಂತ ಕಮ್ಮಿ ಅಂತ ಕಾರೇ ಹೇಳ್ತದೆ. ಆಮೇಲೆ ಬನ್ನಿ" ಎಂದು ಕಳಿಸಿದ್ದರಂತೆ. ಹುಡುಗ ನವರಾತ್ರಿಯ ಹೊತ್ತಿಗೆ ಸರಿಯಾಗಿ ಬಂದ. ಪಟ್ಟಿ ಬರೆದುಕೊಂಡೇ ಬಂದಿದ್ದ: ಹೆಡ್‌ಲೈಟಿಗೆ ರಿಲೇ, ಹೊಸ ವೈಪರ್ ಬ್ಲೇಡು, ಎಡಗಡೆಯ ಬಾಗಿಲಿಗೆ ರಬ್ಬರ್ ಬೀಡಿಂಗು. ಇಂಜಿನ್ನಿನ ಸುದ್ದಿಯೇ ಅದರಲ್ಲಿ ಇರಲಿಲ್ಲ. ಮಗ ಅರ್ಧ ದಿನದಲ್ಲಿ ಮುಗಿಸಿಕೊಟ್ಟ. ರಿಲೇ ಹಾಕಿದ ಮೇಲೆ ಬೆಳಕು ಎಷ್ಟು ದೂರ ಬೀಳುತ್ತದೆಂದು ನೋಡಲು ಹುಡುಗ ಅದೇ ಸಂಜೆ ಆಗುಂಬೆಗೆ ಹೊರಟನಂತೆ.